ಹವಾಲ್ದಾರನ ಬೆಲ್ಟು

ಗುಜರಿ ಅಂಗಡಿಯಲ್ಲಿ ಸಿಕ್ಕ ಮಿಲಿಟರಿ ಬೆಲ್ಟಿನ ವಾರಸುದಾರನನ್ನು ಗಾಳಿಬೀಡಿನ ಮೊಣ್ಣಪ್ಪ ಹುಡುಕಿದ ಪರಿ ಕೇಳಿದರೆ ದೇಶದ ಗೂಢಚಾರರೆಲ್ಲ ಕೆಲಸ ಬಿಟ್ಟು ಕಾಫಿ ಕೊಯ್ಯಲು ಬಂದಾರು! ಚರ್ಮದೊಳಗಿನ ನಂಬರು ಹಿಡಿದು ಇಡೀ ಕೊಡಗನ್ನೇ ಜಾಲಾಡಿದ. ನಕ್ಷತ್ರ ಕೆತ್ತಿದ ಹಿತ್ತಾಳೆಯ ಬಕಲ್ಲನ್ನು ಸೂರ್ಯನೇ ಕಣ್ಣು ಮುಚ್ಚಿಕೊಳ್ಳುವಷ್ಟು ಉಜ್ಜಿದ. ಕೊನೆಗೆ ಕುಶಾಲನಗರದ ಹತ್ತಿರ, ನಿವೃತ್ತ ಹವಾಲ್ದಾರ್ ಸಣ್ಣಸ್ವಾಮಿಯ ಮನೆಗೆ ಹಾರ, ಶಾಲು, ಫೋಟೋದವನ ಸಮೇತ ನುಗ್ಗಿದ.

ಬಾಗಿಲು ತೆಗೆದ ಹೆಂಡತಿ ಸಿದ್ದಮ್ಮ ಬೆಲ್ಟು ಕಂಡು ಬಿಳುಚಿಕೊಂಡಳು.

"ಅಣ್ಣಾ, ನಾನೇ ಕದ್ದು ಗುಜರಿಗೆ ಹಾಕಿದ್ದು. ದಮ್ಮಯ್ಯ, ವಾಪಸ್ ತಗೊಂಡೋಗಿ," ಎಂದು ಪಿಸುಗುಟ್ಟಿ, ಹಣೆಯ ಮೇಲಿನ ಸೆರಗು ಸರಿಸಿದಳು. ಅಲ್ಲಿ ಹಳೆಯ ಗಾಯ; ಬಕಲ್ಲಿನದೇ ಅಚ್ಚು, ನಕ್ಷತ್ರದ ಸಮೇತ.

ಮೊಣ್ಣಪ್ಪನ ಕೈ ಒಂದು ಗಳಿಗೆ ಹಿಂದೆ ಸರಿಯಿತು. ಅಷ್ಟರಲ್ಲಿ ಸಣ್ಣಸ್ವಾಮಿ ಹೊರಬಂದ.

"ಮೊಣ್ಣಪ್ಪಣ್ಣ, ಸ್ವಲ್ಪ ನಗಿ," ಎಂದ ಫೋಟೋದವನು.

ಮೂರು ಲೋಕಕ್ಕೂ ಮಿಗಿಲಾದ ಇಂಥ ಸಾಧನೆ ಹಾಳಾಗಲು ಬಿಡುವುದುಂಟೇ? ಮೊಣ್ಣಪ್ಪ ನಕ್ಕ, ಬೆಲ್ಟು ಕೊಟ್ಟ, ಸೆಲ್ಯೂಟ್ ಹೊಡೆದ.

ಸಣ್ಣಸ್ವಾಮಿ ಬೆಲ್ಟನ್ನು ನಿಧಾನವಾಗಿ ಮುಷ್ಟಿಗೆ ಸುತ್ತಿಕೊಂಡ.

"ಸಿದ್ದೀ, ಬಂದೋರಿಗೆ ಕಾಫಿ ಕೊಡೇ. ಅವ್ರು ಹೋದ್ಮೇಲೆ ಮಾತಾಡಣ."

ಕಾಫಿ ಅಮೃತದಂತಿತ್ತು. ಮೊಣ್ಣಪ್ಪ ಎರಡು ಲೋಟ ಕುಡಿದ.