ಸೊಟ್ಯಾನ ‘ಬೇ’

ಇಬ್ರಾಹಿಂಪುರದ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ತನಗೇನೂ ಅವಸರವಿಲ್ಲ ಎನ್ನುವಂತೆ ಸಾಗುತ್ತಿತ್ತು. ಶನಿವಾರದ ಬೆಳಗಿನ ಶಾಲೆಗೆ ಹೊರಟಿದ್ದ ಆಮ್ರಪಾಲಿ ಮತ್ತೊಮ್ಮೆ ಚೀಲ ತೆರೆದು, ಚಿತ್ರದ ಪುಟಗಳು ಮಡಚಿಲ್ಲವಷ್ಟೇ ಎಂದು ನೋಡಿದಳು. ಮಡಚಿರಲಿಲ್ಲ. ಚೀಲ ಮುಚ್ಚಿದ ಕೂಡಲೇ ಮತ್ತೆ ಅನುಮಾನ ಬಂತು.

ಫೋನು ನಡುಗಿತು. ಬೆಂಗಳೂರಿನ ಸಂಪಾದಕಿಯ ಸಂದೇಶ: ‘ಸಂಜೆಯೊಳಗೆ ತಿದ್ದಿದ ಪುಟ ಕಳಿಸಿ ಮೇಡಂ. ಸೋಮವಾರ ಮುದ್ರಣಕ್ಕೆ ಹೋಗಬೇಕು.’

ತಿಕೋಟಾದ ಸರ್ಕಾರಿ ಶಾಲೆಯಲ್ಲಿ ಎರಡನೇ ಇಯತ್ತೆಗೆ ಪಾಠ ಹೇಳುವ ಆಮ್ರಪಾಲಿಯ ಮೊದಲ ಪುಸ್ತಕ ಅದು. ಈಗಷ್ಟೇ ಕೂಡಿಸಿ ಓದಲು ಕಲಿತ ಮಕ್ಕಳಿಗಾಗಿ ಚೌಕಟ್ಟು ಚೌಕಟ್ಟಾಗಿ ಬರೆದ ಚಿತ್ರಕತೆ. ಕನಮಡಿ ಗುಡ್ಡದ ಮೇಲೆ ಸೊಟ್ಯಾ ಎಂಬ ಮರಿರಾಕ್ಷಸ. ಅವನ ಒಂದು ಕೋಡು ನೆಟ್ಟಗೆ, ಇನ್ನೊಂದು ಸೊಟ್ಟ. ಅವನ ತಾಯಿ ದುಂಡವ್ವ ಗುಡ್ಡದಷ್ಟೇ ದೊಡ್ಡವಳು, ಬಂಡಿಗಾಲಿಯಷ್ಟು ಅಗಲದ ರೊಟ್ಟಿ ಬಡಿಯುವವಳು. ಸೊಟ್ಯಾ ದಿನಕ್ಕೊಂದು ಕಿತಾಪತಿ ಮಾಡಿ ಸಿಕ್ಕಿಬಿದ್ದು ‘ಬೇ’ ಎಂದು ಕೂಗುತ್ತಾನೆ, ಅವಳು ಬರುತ್ತಾಳೆ. ಕತೆ ಅಷ್ಟೇ.

ಸಂಪಾದಕಿ ನಿನ್ನೆ ಫೋನಿನಲ್ಲಿ ಎಲ್ಲ ಪುಟಕ್ಕೂ ನಕ್ಕಿದ್ದಳು. ಒಂದೇ ಅಕ್ಷರಕ್ಕೆ ನಗು ನಿಂತಿತ್ತು.

“ಇವನು ತಾಯಿಗೆ ‘ಬೇ’ ಅಂತಾನಲ್ಲ ಮೇಡಂ, ಅದು ಬೈಗುಳ ಅಲ್ವಾ? ನಮ್ಮ ಕಡೆ ಜಗಳಕ್ಕೆ ನಿಂತವರು ‘ಏನ್ ಬೇ’ ಅಂತಾರೆ.”

“ಬೈಗುಳ ಅಲ್ರಿ. ನಾವು ಅವ್ವಗ ಹಂಗ ಅಂತೀವ್ರಿ. ಪ್ರೀತೀಲೆ.”

“ನೀವು ಹೇಳಿದ್ರಿ, ನಂಗೆ ಗೊತ್ತಾಯ್ತು. ಅಂಗಡಿಯಲ್ಲಿ ನಿಂತು ಪುಟ ತಿರುವೋ ತಂದೆ ತಾಯಿಗೆ ಯಾರು ಹೇಳ್ತಾರೆ? ‘ಅಮ್ಮ’ ಅಂತ ಹಾಕಿಬಿಡಿ. ಇಲ್ಲಾಂದ್ರೆ ಈ ವರ್ಷ ಬಿಟ್ಟು ಮುಂದೆ ಯಾವಾಗಲಾದರೂ ನೋಡಬೇಕಾಗುತ್ತೆ.”

ಯಾವಾಗಲಾದರೂ ಎಂಬ ಮಾತಿನ ಅರ್ಥ ನಲವತ್ತು ದಾಟಿದ ಆಮ್ರಪಾಲಿಗೆ ಗೊತ್ತಿತ್ತು.

ನಿನ್ನೆ ಸಂಜೆ ಬಬಲೇಶ್ವರದ ಆಫೀಸಿನಿಂದ ಬಂದ ಗಂಡ ದೇವಾನಂದ ಕಾಲು ತೊಳೆಯುತ್ತಲೇ ತೀರ್ಪು ಕೊಟ್ಟಿದ್ದ. “ಒಂದಕ್ಷರ. ತಗದ ಒಗಿ. ಪುಸ್ತಕದ ಮ್ಯಾಲ ಹೆಸರ ನಿಂದ ಇರ್ತದಿಲ್ಲೋ?”

“ಇರ್ತದ.”

“ಮತ್ತೇನ ಹಟ? ‘ಬೇ’ ಅಂದ ಕೂಡ್ಲೇ ಯಾವ ಊರು ಅಂತ ಕೇಳ್ತಾರ. ಊರ ಹೇಳಿದ್ರ ಯಾವ ಓಣಿ ಅಂತ ಕೇಳ್ತಾರ. ವಿಶಾಖಾಗ ‘ಮಮ್ಮಿ’ ಕಲಿಸಿದ್ದು ಯಾಕಂತ ಮಾಡಿ?”

ಅವನ ಮಾತು ಸುಳ್ಳಾಗಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಓಣಿಯ ಪ್ರಶ್ನೆ ಅವಳನ್ನೂ ಕೇಳಿದವರಿದ್ದರು. ಮನೆ ಬಾಡಿಗೆಗೆ ಹುಡುಕುವಾಗ, ಶಿಕ್ಷಕಿಯರ ಊಟದ ಡಬ್ಬಿಗಳ ನಡುವೆ. ಮಗಳು ವಿಶಾಖಾಳಿಗೆ ಆ ಪ್ರಶ್ನೆ ಬರಬಾರದೆಂದು ಅವಳೂ ಸುಮ್ಮನೆ ಮಮ್ಮಿಯಾಗಿದ್ದಳು. ಆದರೆ ಘೋಣಸಗಿಯಿಂದ ಬಂದು ಜೊತೆಗಿರುವ ತಾಯಿ ರೇಣವ್ವನನ್ನು ತಾನು ದಿನವಿಡೀ ‘ಬೇ’ ಎನ್ನುವಾಗ, ಈ ಮಾತು ನನ್ನ ತನಕ ಬಂದು ನನ್ನಲ್ಲೇ ನಿಂತುಬಿಡುತ್ತದಲ್ಲ ಎನಿಸುತ್ತಿತ್ತು. ಕೊಡುವುದಷ್ಟೇ ತನ್ನ ಪಾಲು, ಪಡೆಯುವುದಲ್ಲ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ. ಅದಕ್ಕೇ ಅದು ಸೊಟ್ಯಾನ ಬಾಯಿಗೆ ಹೋಗಿತ್ತೇನೋ.

ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ರೇಣವ್ವ ತಲೆ ಎತ್ತಿದ್ದಳು. “ಆ ಬೆಂಗಳೂರಕಿ ಅವರವ್ವಗ ಏನಂತಾಳಂತ?”

“ಅಮ್ಮ ಅಂತಾಳಂತ ಬೇ.”

“ಪಾಪ. ಅಷ್ಟ ದೂರ ನಿಂತ ಕರೀತಾಳ?”

ಗೇಟು ಎದ್ದಿತು. ಆಮ್ರಪಾಲಿ ತಿಕೋಟಾ ಬಸ್ಸು ಹತ್ತಿದಳು. ಕಿಟಕಿ ಬಳಿ ಕುಳಿತಳು, ಬಿಸಿಲು ಬಂತೆಂದು ಎದ್ದು ಈಚೆ ಕುಳಿತಳು. ಬೆಳಿಗ್ಗೆಯೇ ಒಂದು ಪ್ರತಿಯಲ್ಲಿ ‘ಬೇ’ ಇದ್ದಲ್ಲೆಲ್ಲ ‘ಅಮ್ಮ’ ಎಂದು ಬರೆದ ಬಿಳಿ ಚೀಟಿ ಅಂಟಿಸಿದ್ದಳು. ಮಕ್ಕಳು ಅದಕ್ಕೂ ನಕ್ಕರೆ ಮುಗಿಯಿತು, ಹಾಗೇ ಕಳಿಸುವುದು. ನಗಲಿ ಎಂದುಕೊಂಡಳು. ಮರುಗಳಿಗೆ, ನಗದಿರಲಿ ಎಂದುಕೊಂಡಳು.

ವರ್ಗದಲ್ಲಿ ಮಕ್ಕಳು ಪುಟಗಳ ಸುತ್ತ ಜೇನಿನಂತೆ ಮುತ್ತಿದರು. ಸೊಟ್ಯಾ ಚಂದ್ರನನ್ನು ರೊಟ್ಟಿ ಎಂದು ತಿಳಿದು ಕಚ್ಚಿ ಹಲ್ಲು ಮುರಿದುಕೊಳ್ಳುವ ಪುಟಕ್ಕೆ ಬಿದ್ದು ಬಿದ್ದು ನಕ್ಕರು. ಮುಂದಿನ ಪುಟದಲ್ಲಿ ಅವನು ಬಾರಿಹಣ್ಣಿನ ಗಿಡದ ಮುಳ್ಳಿಗೆ ಚಡ್ಡಿ ಸಿಕ್ಕು ನೇತಾಡುತ್ತಿದ್ದ. ಶಾಂಭವಿ ಬೆರಳಿಟ್ಟು ಓದಿದಳು: “ಅ-ಮ್ಮಾ! ಲಗೂ ಬಾ!”

ಯಾರೂ ನಗಲಿಲ್ಲ. ಕಾಯುತ್ತಿದ್ದರು.

“ಈಗ ಅವರಮ್ಮ ಬರ್ತಾಳೇನ್ರಿ ಟೀಚರ?” ಎಂದಳು ಶಾಂಭವಿ.

“ಹೂಂ, ಪುಟ ಹೊಳ್ಳಿಸು.”

ಹೊಳ್ಳಿಸಿದರೆ ದುಂಡವ್ವ ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದಳು. ಶಾಂಭವಿಯ ಹುಬ್ಬು ಗಂಟಾಯಿತು. “ಇಕಿ ಅವರವ್ವ ಅಲ್ಲೇನ್ರಿ? ಅಂವ ಕರದಿದ್ದ ಅಮ್ಮಗ. ಅಮ್ಮ ಎಲ್ಲಿ ಹೋದ್ಳ್ರಿ?”

ಆಮ್ರಪಾಲಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಈ ಮಕ್ಕಳ ಮನೆಗಳಲ್ಲಿ ಮುತ್ಯಾನ ಹೆಂಡತಿ ‘ಅಮ್ಮ’. ಹೆತ್ತವಳು ಅವ್ವ. ಸೊಟ್ಯಾ ಅಜ್ಜಿಯನ್ನು ಕರೆದಿದ್ದಾನೆ, ಅಜ್ಜಿ ಬಂದಿಲ್ಲ.

“ಸತ್ತಿರಬೇಕಲೇ,” ಎಂದ ಅಶ್ಫಾಕ ಮೆಲ್ಲಗೆ. “ಅದಕ್ಕ ಬಂದಿಲ್ಲ.”

“ಅಂವಗ ಗೊತ್ತಿಲ್ಲೇನ್ರಿ ಟೀಚರ, ಸತ್ತದ್ದು?”

“ಯಾರೂ ಹೇಳಿಲ್ಲ ಅಂವಗ. ಸಣ್ಣಾಂವ ಅದಾನಲ್ಲ.”

ನಗಬೇಕಾದ ಪುಟದ ಸುತ್ತ ವರ್ಗವೇ ಸೂತಕಕ್ಕೆ ಕುಳಿತಿತು. ಕಳೆದ ತಿಂಗಳಷ್ಟೇ ಅಜ್ಜಿಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳ ತುಟಿ ಅದುರತೊಡಗಿತು. ಆಮ್ರಪಾಲಿ ಗಾಬರಿಯಾಗಿ ಉಗುರಿನಿಂದ ಚೀಟಿ ಕೆರೆದಳು. ಕೆಳಗಿನ ‘ಬೇ’ ಹೊರಬಿತ್ತು.

“ಬೇ! ಲಗೂ ಬಾ!” ಅಶ್ಫಾಕ ಒದರಿದ. “ಅವರವ್ವನ್ನ ಕರದಾನ್ರೋ! ಅಮ್ಮ ಸತ್ತಿಲ್ಲ, ಮನ್ಯಾಗ ಮಲಗ್ಯಾಳ!”

ಆಗ ನಕ್ಕರು. ಪಕ್ಕದ ವರ್ಗದಿಂದ ಗದರುವ ಸದ್ದು ಬರುವಷ್ಟು ನಕ್ಕರು. “ಮತ್ತ ನಿಮ್ಮ ಪುಸ್ತಕದಾಗ ಆ ಅಮ್ಮನ್ನೂ ತೆಗೀರಿ ಟೀಚರ,” ಎಂದಳು ಶಾಂಭವಿ. ಇಲ್ಲಿ ಚಿತ್ರ ಬರೆಯುವುದನ್ನು ಚಿತ್ರ ತೆಗೆಯುವುದು ಎನ್ನುತ್ತಾರೆ.

ಮರಳುವ ಬಸ್ಸಿನಲ್ಲಿ ಆಮ್ರಪಾಲಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಟಿಕೆಟ್ಟಿನ ಬೆನ್ನಿಗೆ, ಅಂಗೈಗೆ ಗೀಚಿದಳು. ಮನೆ ಸೇರಿ ಊಟ ಬೇಡವೆಂದು ಮೇಜಿಗೆ ಕುಳಿತಳು. ಸೊಟ್ಯಾ ಗಿಡದಲ್ಲಿ ನೇತಾಡುತ್ತಿದ್ದಾನೆ. ‘ಅಮ್ಮಾ!’ ಎಂದು ಕೂಗುತ್ತಾನೆ. ಗುಡ್ಡದ ಹಿಂದಿನಿಂದ ಗುಡ್ಡಕ್ಕಿಂತ ದೊಡ್ಡ ಬೊಚ್ಚುಬಾಯಿ ಮುದುಕಿ ಏಳುತ್ತಾಳೆ: ‘ಯಾಕಪಾ ಮೊಮ್ಮಗನ? ನನಗ ಗಿಡ ಹತ್ತಾಕ ಆಗೂದಿಲ್ಲಪಾ.’ ‘ಮಮ್ಮೀ!’ ಎನ್ನುತ್ತಾನೆ, ತಮ್ಮವರೇ ಯಾರೋ ಕರೆದರೆಂದು ಊರ ಆಡುಗಳೆಲ್ಲ ಓಡಿಬಂದು ಗಿಡದ ಕೆಳಗೆ ನಿಲ್ಲುತ್ತವೆ. ಸೋತ ಸೊಟ್ಯಾ ಬಾಯೊಳಗೇ ‘ಬೇ’ ಎನ್ನುತ್ತಾನೆ. ಅದು ಪುಟದಲ್ಲೇ ಅತಿ ಸಣ್ಣ ಅಕ್ಷರ. ಕೊನೆಯ ಚೌಕಟ್ಟಿನಲ್ಲಿ, ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದ ದುಂಡವ್ವ ಸರ್ರನೆ ತಿರುಗಿದ್ದಾಳೆ. ರೊಟ್ಟಿ ಆಕಾಶಕ್ಕೆ ಹಾರಿದೆ.

ಬೆಂಗಳೂರಿನ ತಾಯಿಗೂ ಇದು ತಿಳಿದೀತು. ತಿಳಿಯದಿದ್ದರೆ ಮಗು ಹೇಳೀತು.

ಆದರೆ ಪುಸ್ತಕದಲ್ಲಿ ಒಂದು ಪುಟವೂ ಹೆಚ್ಚಾಗುವಂತಿರಲಿಲ್ಲ. ಏನನ್ನು ತೆಗೆಯುವುದು? ಒಂದೊಂದೇ ಪುಟವನ್ನು ಪಕ್ಕಕ್ಕಿಟ್ಟಳು, ವಾಪಸಿಟ್ಟಳು. ಯಾವುದನ್ನು ತೆಗೆದರೂ ಕತೆ ತುಂಡಾಗುತ್ತಿತ್ತು, ಚಂದ್ರನದೊಂದನ್ನು ಬಿಟ್ಟು. ಎಲ್ಲಕ್ಕಿಂತ ಹೆಚ್ಚು ದಿನ ಕುಳಿತು ಬರೆದದ್ದು ಅದನ್ನೇ, ಮಕ್ಕಳು ಬಿದ್ದು ಬಿದ್ದು ನಕ್ಕದ್ದು ಅದಕ್ಕೇ. ಅದನ್ನು ತೆಗೆದಳು. ಹೊಸ ಪುಟದ ಫೋಟೊ ಕಳಿಸಿ ಬರೆದಳು: ‘ಚಂದ್ರ ಬ್ಯಾಡ್ರಿ. ಇದು ಇರಲಿ. “ಬೇ” ಬದಲಾಗೂದಿಲ್ಲ. ಬದಲಾಗಲೇಬೇಕಂದ್ರ ಪುಸ್ತಕ ಬಿಡ್ರಿ.’

ಕಳಿಸಿದ ಮೇಲೆ ಫೋನು ಬೋರಲಿಟ್ಟಳು, ಅಂಗಾತ ಇಟ್ಟಳು. ಒಣಗದ ಬಟ್ಟೆ ತೆಗೆದು ತಂದು, ಮತ್ತೆ ಹೋಗಿ ಹಾಕಿದಳು.

“ಕಾಲಾಗ ಚಕ್ರ ಕಟ್ಟೀ ಏನ?” ಎಂದಳು ಒಲೆಯ ಮುಂದಿನ ರೇಣವ್ವ.

ಉತ್ತರ ಬಂದಾಗ ದೇವಾನಂದ ಇನ್ನೂ ಮನೆಗೆ ಬಂದಿರಲಿಲ್ಲ. ‘ಚಂದ್ರನ ಪುಟಕ್ಕೆ ಹೊಟ್ಟೆ ಉರೀತಿದೆ ಮೇಡಂ. ಆದ್ರೆ ಆ ಆಡುಗಳು! ಬೆಳಗಿನಿಂದ ಅಮ್ಮ ಅಂತಿದ್ದ ನನ್ನ ಮಗ ಈ ಪುಟ ನೋಡಿ ಈಗ ನನ್ನನ್ನು ಬೇ ಅಂತಿದ್ದಾನೆ. ಇರಲಿ. ಮುದ್ರಣಕ್ಕೆ ಕಳಿಸ್ತೀನಿ.’

ಗೆದ್ದೆನೆನ್ನಿಸಲಿಲ್ಲ. ದೇವಾನಂದನಿಗೆ ಹೇಳುವುದಿತ್ತು, ಓಣಿಯ ಪ್ರಶ್ನೆ ಇನ್ನು ಪುಸ್ತಕದ ಅಂಗಡಿಗೂ ಬರಬಹುದಿತ್ತು. ಕೇಳಲಿ, ಹೇಳೋಣ ಎಂದುಕೊಂಡು ಆಮ್ರಪಾಲಿ ಚಂದ್ರನ ಪುಟಕ್ಕೆ ಬಟ್ಟೆ ಹೊದಿಸಿ ಕಪಾಟಿನಲ್ಲಿಡಲು ಬಾಗಿದಳು.

“ಬೇ!”

ಬೆನ್ನ ಹಿಂದೆ ವಿಶಾಖಾಳ ದನಿ. ಆಮ್ರಪಾಲಿ ಸರ್ರನೆ ತಿರುಗಿದಳು. ಒಲೆಯ ಮುಂದಿನಿಂದ ರೇಣವ್ವನೂ “ಓ, ಏನವಾ?” ಎಂದಳು.

ಮೇಜಿನ ಮೇಲೆ ಮೊಣಕೈಯೂರಿದ್ದ ಮಗಳು ಹೊಸ ಪುಟದಿಂದ ತಲೆ ಎತ್ತಿ ಇಬ್ಬರನ್ನೂ ನೋಡಿ ಮುಖ ಸಿಂಡರಿಸಿದಳು. “ನಾ ಯಾರ್ನೂ ಕರದಿಲ್ಲ. ಓದಾಕತ್ತೀನಿ. ಸುಮ್ಮನಿರ್ರಿ ಇಬ್ರೂ.”

“ಓದವಾ, ಓದು,” ಎಂದಳು ಆಮ್ರಪಾಲಿ. ಕಪಾಟಿನ ಕಡೆ ತಿರುಗಿ ನಿಂತಳು. ಬರೆದವಳು ತಾನೇ; ಮುಂದಿನ ಪುಟದಲ್ಲಿ ಇನ್ನೊಂದು ‘ಬೇ’ ಇರುವುದು ಅವಳಿಗೆ ಗೊತ್ತಿತ್ತು. ಇಡಬೇಕಾದ್ದನ್ನು ಇಟ್ಟಾಗಿದ್ದರೂ, ಬೆನ್ನು ಮಾಡಿಕೊಂಡೇ, ಮಗಳು ಪುಟ ಹೊಳ್ಳಿಸುವ ಸಪ್ಪಳಕ್ಕೆ ಕಾದಳು.