ಅಕ್ಕನಿಗೆ ಈಗ ನಲವತ್ತೊಂಬತ್ತು

ಬೆಳಗಿನ ಕಾಫಿ ಇನ್ನೂ ತುಟಿಗೆ ತಾಗಿರಲಿಲ್ಲ, ಮೇಜಿನ ಮೇಲಿದ್ದ ಎರಡೂ ಫೋನುಗಳು ಒಟ್ಟಿಗೇ ಸದ್ದು ಮಾಡಿದವು. ಕಿರಿಯವಳು ತನ್ನದನ್ನು ತೆರೆದಳು. ‘ಇಂದು ನಿಮ್ಮ ಅಕ್ಕನ ಹುಟ್ಟುಹಬ್ಬ. ನಲವತ್ತೊಂಬತ್ತು ತುಂಬಿತು. ಶುಭಾಶಯ ಕಳಿಸಿ.’ ಕೆಳಗೆ ಎರಡು ಜಡೆಯ ಹುಡುಗಿಯ ಕಪ್ಪುಬಿಳುಪು ಫೋಟೋ.

ಎದುರು ಕುರ್ಚಿಯಲ್ಲಿ ಅಮ್ಮನೂ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು.

ಅಪ್ಪ ವರ್ಷಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಕಟ್ಟಿದ ವಂಶವೃಕ್ಷದಿಂದ ಬಂದ ಸಂದೇಶ ಅದು. ಅಪ್ಪ ತೀರಿಕೊಂಡ ಮೇಲೆ ಆ ಹಳೆಯ ಪ್ರೋಗ್ರಾಮೂ ಕಣ್ಣು ಮುಚ್ಚುವ ಸೂಚನೆ ಕೊಟ್ಟಿತು. ಅಚ್ಚುಮನೆಯಲ್ಲಿ ಕರಡು ತಿದ್ದುವ ಕಿರಿಯವಳ ಮೇಲೆಯೇ ವಂಶವೃಕ್ಷವನ್ನು ಬೇರೆ ಪ್ರೋಗ್ರಾಮಿಗೆ ಸಾಗಿಸುವ ಕೆಲಸ ಬಿತ್ತು. ಮೊದಲು ಆರಿಸಿದ ಪ್ರೋಗ್ರಾಮು ತಾತನ ಎರಡು ಮದುವೆಗಳನ್ನು ಅರಗಿಸಿಕೊಳ್ಳಲಾರದೆ ಇಬ್ಬರು ತಾತಂದಿರನ್ನು ಮಾಡಿಟ್ಟಿತು. ಇನ್ನೊಂದು ಫೋಟೋಗಳನ್ನೆಲ್ಲ ನುಂಗಿತು. ಅಣ್ಣ ಹೇಳಿದ ಮೂರನೆಯದು ಮಾತ್ರ ಎಲ್ಲವನ್ನೂ ಸರಿಯಾಗಿ ಓದಿಕೊಂಡಿತು. ನೆಂಟರೆಲ್ಲ ತಮ್ಮ ತಮ್ಮ ಫೋನಿನಲ್ಲೇ ನೋಡಬಹುದಿತ್ತು. “ಅಪ್ಪನ ಮರಕ್ಕೆ ಈಗ ಕೋತಿಗಳೆಲ್ಲ ಹತ್ತಬಹುದು,” ಎಂದು ಅಣ್ಣ ನಕ್ಕಿದ್ದ.

ಅಕ್ಕನ ಹೆಸರಿನ ಮುಂದೆ, ಮರಣದ ದಿನ ಎಂಬಲ್ಲಿ, ಅಪ್ಪ ಏನನ್ನೂ ಬರೆದಿರಲಿಲ್ಲ. ಏಳು ವರ್ಷದ ಅಕ್ಕ ರೈಲು ನಿಲ್ದಾಣದ ಗದ್ದಲದಲ್ಲಿ ಕಳೆದುಹೋದವಳು, ಮತ್ತೆ ಸಿಗಲಿಲ್ಲ. ಅವಳ ಕೈ ಹಿಡಿದಿದ್ದವನು ಅಣ್ಣ. ಕಿರಿಯವಳು ಆಮೇಲೆ ಹುಟ್ಟಿದವಳು. ಹಳೆಯ ಪ್ರೋಗ್ರಾಮಿನಲ್ಲಿ ಖಾಲಿ ಬಿಟ್ಟಿದ್ದು ಸುಮ್ಮನೆ ಖಾಲಿ ಇರುತ್ತಿತ್ತು. ಈ ಹೊಸದಕ್ಕೆ ಹಾಗಲ್ಲ; ಸತ್ತ ದಿನ ಇಲ್ಲದವರೆಲ್ಲ ಅದರ ಪಾಲಿಗೆ ಬದುಕಿರುವವರು. ಅಲ್ಪವಿರಾಮ ತಪ್ಪಿದರೂ ನಿದ್ದೆಗೆಡುವವಳು ಇದನ್ನು ಗಮನಿಸಿರಲಿಲ್ಲ.

ಅಣ್ಣನ ಕರೆ ಬಂತು. ಅವಳು ಅಡುಗೆಮನೆಗೆ ನಡೆದಳು.

“ಏನೇ ಪುಟ್ಟಿ ಇದು? ಅತ್ತೆ ಮಗ ಹಿಂದೆಮುಂದೆ ನೋಡದೆ ಕೇಕಿನ ಚಿತ್ರ ಬೇರೆ ಕಳಿಸಿದಾನೆ!”

“ತಪ್ಪಾಯ್ತು ಅಣ್ಣ. ಬೇರೆ ಪ್ರೋಗ್ರಾಂ ಹುಡುಕ್ತೀನಿ.”

“ಬೇಡ ಮಾರಾಯ್ತಿ, ಇನ್ನೆಷ್ಟು ಸಲ ಬದಲಾಯಿಸ್ತೀಯ? ಒಂದು ತಾರೀಖು ಹಾಕಿಬಿಡು, ಮುಗೀತು.”

“ಯಾವ ತಾರೀಖು?”

“ಅದೇ... ಆ ದಿನದ್ದು.”

“ಆ ದಿನ ಕಳೆದುಹೋದಳು. ಅಷ್ಟೇ ತಾನೇ ಗೊತ್ತಿರೋದು?”

“ಸುಮಾರು ಅಂತ ಹಾಕೋಕಾಗುತ್ತಲ್ಲ, ಹಾಕು. ವರ್ಷ ವರ್ಷ ಇದನ್ನ ನೋಡೋಕೆ ನನ್ ಕೈಲಾಗಲ್ಲ ಪುಟ್ಟಿ.”

ಅವಳು ಮರಳಿ ಬಂದು ಅಕ್ಕನ ಪುಟ ತೆರೆದಳು. ‘ಸುಮಾರು’ ಎಂಬುದನ್ನು ಆರಿಸಿ, ವರ್ಷವನ್ನೂ ಒತ್ತಿದಳು. ಉಳಿಸಲೇ ಎಂದು ಅದು ಕೇಳಿತು.

“ನಲವತ್ತೊಂಬತ್ತೇ!” ಎಂದಳು ಅಮ್ಮ. ಲೆಕ್ಕ ತಾಳೆಯಾದವಳಂತೆ ತಲೆಯಾಡಿಸಿದಳು. “ಹಾಗಾದ್ರೆ ಕನ್ನಡಕ ಬಂದಿರುತ್ತೆ. ನಮ್ಮ ಕಡೆಯೋರಿಗೆಲ್ಲ ನಲವತ್ತು ದಾಟಿದ್ದೇ ಕಣ್ಣು ಕೈಕೊಡುತ್ತೆ.”

ಕಿರಿಯವಳ ಬೆರಳು ಗಾಜಿನ ಮೇಲೆ ನಿಂತಿತು.

“ಈ ಫೋಟೋ ತೆಗೆದುಬಿಡೇ. ಐವತ್ತರ ಹತ್ತಿರ ಬಂದೋಳಿಗೆ ಎರಡು ಜಡೆ! ನೋಡಿದ್ರೆ ಬೈತಾಳೆ.”

“ಬೇರೆ ಎಲ್ಲಿದೆ ಅಮ್ಮ?”

ಅಮ್ಮ ಮಗಳ ಹಣೆ, ಹುಬ್ಬು, ಗಲ್ಲ ಎಲ್ಲವನ್ನೂ ಒಂದೊಂದಾಗಿ ನೋಡಿದಳು. “ನೀನಿದ್ದೀಯಲ್ಲ,” ಎಂದಳು ಕೊನೆಗೆ. “ಅದೇ ಮುಖ. ನೀನು ಹುಟ್ಟಿದಾಗಿಂದ ನೋಡ್ತಾನೇ ಇದ್ದೀನಿ.”

‘ಆಯ್ತಾ?’ ಎಂದು ಅಣ್ಣನ ಸಂದೇಶ ಬಂತು. ಅವಳು ಒತ್ತಿದ್ದ ವರ್ಷವನ್ನು ಅಳಿಸಿ, ಕ್ಯಾಮೆರಾ ತೆರೆದು ಫೋನನ್ನು ಅಮ್ಮನ ಕೈಗಿತ್ತಳು.

“ತಾಳು,” ಎಂದು ಅಮ್ಮ ತನ್ನ ಕನ್ನಡಕ ಕಳಚಿ, ಅವಳ ಕಿವಿಗಳ ಹಿಂದೆ ಕೂದಲು ಸರಿಸಿ, ಮೆಲ್ಲಗೆ ತೊಡಿಸಿದಳು. ದಪ್ಪ ಗಾಜಿನಾಚೆ ಮೇಜು, ಕಿಟಕಿ, ಅಮ್ಮ ಎಲ್ಲವೂ ಕರಗಿ ಮಂಜಾದವು. ಆ ಮಂಜಿನೊಳಗಿಂದ ಅಮ್ಮನ ನಗು ಕೇಳಿಸಿತು. ಇಷ್ಟು ವರ್ಷ ಈ ಮನೆಯಲ್ಲಿ ಅವಳು ಕೇಳದ ನಗು.

“ಎಷ್ಟು ದೊಡ್ಡೋಳಾಗಿದ್ದೀಯೇ,” ಎಂದಳು ಅಮ್ಮ.

ಕಿರಿಯವಳು ಅಲುಗದೆ ಕೂತಳು.