ಅಪ್ಪನ ಗದ್ದ

"ಮೇಲಕ್ಕೆಳಿ, ಇನ್ನೂ ಮೇಲಕ್ಕೆ," ಎಂದು ಅಮ್ಮ, ರಂಗಮಂದಿರದ ಬಣ್ಣದ ಕೋಣೆಯಲ್ಲಿ ಮಲಗಿಸಿದ್ದ ಅಪ್ಪನ ಹೆಣದ ಮೇಲಿನ ಬಿಳಿ ಬಟ್ಟೆಯನ್ನು ಮೂಗಿನವರೆಗೆ ಜಗ್ಗಿದಳು. ಕಾಲು ಬಯಲಾಯಿತು. ಕಾಲು ಮುಚ್ಚಿದರೆ ಗದ್ದ ಹೊರಗೆ ಬಂತು.

ಬಟ್ಟೆಯ ತುದಿ ಹಿಡಿದಿದ್ದ ಮಗಳು ಹಾಗೆಯೇ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಅಪ್ಪನ ಮುಖದಲ್ಲಿ ಅವಳು ಕಂಡದ್ದು ಗಡ್ಡವನ್ನೇ. ಆಸ್ಪತ್ರೆಯವರು ಉಸಿರಿನ ನಳಿಕೆ ತೂರಿಸಲು ಅದನ್ನು ಬೋಳಿಸಿದ್ದರು. ಅಡಿಯಲ್ಲಿದ್ದದ್ದು ಉದ್ದಕ್ಕೆ ಚಾಚಿ, ತುದಿಯಲ್ಲಿ ಸೊಟ್ಟಗೆ ಮೇಲೆದ್ದ ಗದ್ದ. ಎರಕ ಹೊಯ್ದಂತೆ ಅವಳದೇ ಗದ್ದ.

"ನಿಂಗೆ ಗೊತ್ತಿತ್ತಾ ಅಮ್ಮ?"

"ಹೆಂಡತಿಗೆ ಗೊತ್ತಿರಲ್ವೇನೇ?"

"ಅಪ್ಪಂಗೆ?"

"ಮನೇಲಿ ಕನ್ನಡಿ ಇರ್ಲಿಲ್ವಾ? ಈಗ ಯಾಕೆ ಅದೆಲ್ಲ. ಹೊರಗೆ ಜನ ಕಾಯ್ತಿದ್ದಾರೆ."

ಕಾಯುತ್ತಿದ್ದವರೆಲ್ಲ ಅಪ್ಪನ ಪೆನ್ಸಿಲ್ಲಿಗೆ ಸಿಕ್ಕವರೇ. ರಂಗಮಂದಿರದ ಮುಂದಿನ ಹಜಾರದ ಗೋಡೆ ತುಂಬ ವ್ಯಂಗ್ಯಚಿತ್ರಗಳಾಗಿ ನೇತಾಡುತ್ತಿದ್ದರು: ಮೂಗಿನ ತುದಿಗೆ ಅಂಟಿಕೊಂಡ ನಟ, ಎರಡು ಕೆನ್ನೆಗಳ ನಡುವೆ ಕಳೆದುಹೋದ ನಟಿ, ಕಪ್ಪೆಗಣ್ಣಿನ ಹಾಸ್ಯಗಾರ. ಹೊಸ ನಾಟಕದ ತಾಲೀಮಿಗೆಲ್ಲ ಬಂದು ಅವನು ಮೂಲೆಯಲ್ಲಿ ಕೂರುತ್ತಿದ್ದ. "ಪ್ರತಿ ಮುಖಕ್ಕೂ ಒಂದು ಹಿಡಿಕೆ ಇರುತ್ತೆ. ಅದನ್ನ ಹಿಡಿದು ಎತ್ತಿದ್ರೆ ಮನುಷ್ಯ ಪೂರ್ತಿ ಮೇಲೆ ಬರ್ತಾನೆ," ಎನ್ನುತ್ತಿದ್ದ. ಚಿತ್ರ ನೋಡಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಹಾಗೆ ಎತ್ತಿದವರನ್ನು ಅವನು ಎಂದಾದರೂ ಕೆಳಗಿಳಿಸಿದ್ದನ್ನು ಮಾತ್ರ ಯಾರೂ ನೋಡಲಿಲ್ಲ.

*

ಎರಡು ಜಡೆಯ ವಯಸ್ಸಿನಲ್ಲಿ ಅವಳಿಗೆ ಮೊದಲ ಪಾತ್ರ ಸಿಕ್ಕಿತ್ತು. ರಾಜಕುಮಾರಿ. ಮೊದಲ ಪ್ರದರ್ಶನದ ಸಂಜೆ ಹಜಾರಕ್ಕೆ ಬಂದು ನೋಡಿದರೆ ಗೋಡೆಯ ಮೇಲೆ ಅಪ್ಪ ಬರೆದ ಒಂದು ಗುದ್ದಲಿ. ಅದಕ್ಕೆ ಕಿರೀಟ, ಎರಡು ಜಡೆ. ಟಿಕೆಟ್ ಕೊಂಡವರೆಲ್ಲ ಅದನ್ನು ನೋಡಿಯೇ ಒಳಗೆ ಹೋದರು. ಅವಳು ರಂಗಕ್ಕೆ ಕಾಲಿಟ್ಟು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾವನೋ ಕೂಗಿದ: "ನೆಲ ಅಗೀತಾ ಬಂದ್ಲು ನೋಡ್ರೋ!"

ಸೂರು ಹಾರಿಹೋಗುವಂಥ ನಗು.

ಮನೆಯಲ್ಲಿ ಅತ್ತಳು. ಅಪ್ಪ ಗಡ್ಡ ನೀವಿಕೊಂಡ. "ಊರೋರ ಮುಖ ಬರ್ದು ಮಗಳ ಮುಖ ಬಿಟ್ರೆ ನನ್ನ ಕೈ ಸುಳ್ಳು ಅಂತಾರೆ ಪುಟ್ಟಿ. ಎಲ್ಲಿಂದ ಬಂತೋ ಆ ಗದ್ದ, ನಿಮ್ಮಮ್ಮನ ಕಡೆಯವರನ್ನ ಕೇಳು."

ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಇನ್ನೊಂದು ಪಾತ್ರೆ ಕೈಗೆತ್ತಿಕೊಂಡಳು.

ಅವತ್ತಿನಿಂದ ಅವಳ ಹೆಸರು ಗುದ್ದಲಿ. ಪರದೆಯ ಹಿಂದೆ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಮಾತು ಹೇಳಿಕೊಡುವುದೇ ಅವಳ ಕೆಲಸವಾಯಿತು. ತಲೆ ಅಲ್ಲೇ ನರೆಯಿತು.

*

"ಅತ್ಗೆ, ಒಂದು ಕೆಲ್ಸ ಮಾಡೋಣ," ಎಂದು ನಾಟಕ ಕಂಪನಿಯ ಮೇಕಪ್ಪಿನವನು ಪೆಟ್ಟಿಗೆ ತೆರೆದ. "ಸೇನಾಪತಿ ಗಡ್ಡ ಇದೆ, ಮಂತ್ರಿ ಗಡ್ಡ ಇದೆ. ಅಣ್ಣಂಗೆ ಮಂತ್ರಿದೇ ಒಪ್ಪೋದು."

"ತೀರಾ ಕಪ್ಪಾಯ್ತಲ್ಲಪ್ಪಾ."

"ಚೂರು ಪೌಡರ್ ಹಾಕಿದ್ರೆ ನರೆ ಬರುತ್ತೆ. ತಣ್ಣಗಿರೋ ಚರ್ಮಕ್ಕೆ ಅಂಟು ಹಿಡಿಯಲ್ಲ, ಅದೇ ತಾಪತ್ರಯ."

"ಎರಡು ಸಲ ಹಚ್ಚು. ಅವರನ್ನ ನೋಡಿ ಜನ ನಗಬಾರ್ದು."

"ನನ್ನನ್ನ ನೋಡಿ ನಕ್ರಲ್ಲಮ್ಮ?" ಎಂದಳು ಮಗಳು.

"ನೀನು ಬದುಕಿದ್ದೆ, ತಡ್ಕೊಂಡೆ. ಅವರು ಈಗ ಎದ್ದು ಉತ್ತರ ಕೊಡ್ತಾರಾ?"

ಮಂತ್ರಿಯ ಗಡ್ಡ ತೊಟ್ಟ ಅಪ್ಪನನ್ನು ಹಜಾರಕ್ಕೆ ಹೊತ್ತು ತಂದು ಮಲಗಿಸಿದರು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಕಂಪನಿ ಮಾಲೀಕ ಗಂಟಲು ಸರಿಮಾಡಿಕೊಂಡ.

"ಇಂಥ ಕೈ ಇನ್ನು ಹುಟ್ಟಲ್ಲ. ಯಾರ ಮುಲಾಜೂ ಇರ್ಲಿಲ್ಲ. ಸ್ವಂತ ಮಗಳನ್ನೂ ಬಿಡ್ಲಿಲ್ಲ ಪುಣ್ಯಾತ್ಮ! ಆ ಗುದ್ದಲಿ ನೆನಪಿದೆಯೇನ್ರೋ?"

ಒದ್ದೆ ಕಣ್ಣುಗಳ ನಡುವೆ ಕಿಸಕಿಸ ಎದ್ದಿತು. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮನೂ ಮುಗುಳ್ನಗುತ್ತಿದ್ದಳು.

ಮಗಳು ಹೆಣದ ಬಳಿ ಹೋದಳು. ಕಿವಿಯ ಹತ್ತಿರ ಅಂಟು ಬಿಟ್ಟಿತ್ತು. ಅಲ್ಲಿ ಉಗುರು ತೂರಿಸಿ ಎಳೆದಳು. ಗಡ್ಡ ಚರ್ರೆಂದು ಕಿತ್ತು ಬಂತು. ಮಂಡಿಯೂರಿ, ತನ್ನ ಕೆನ್ನೆಯನ್ನು ಅವನ ತಣ್ಣನೆಯ ಕೆನ್ನೆಗೆ ಒತ್ತಿ, ಎರಡು ಗದ್ದವೂ ಕಾಣುವಂತೆ ಮುಖ ಎತ್ತಿ ಹಿಡಿದಳು.

"ನೋಡಿ," ಎಂದಳು, ಕೊನೆಯ ಸಾಲಿಗೂ ಮುಟ್ಟುವ ದನಿಯಲ್ಲಿ.

ಮೊದಲು ಹಾಸ್ಯಗಾರನ ಭುಜ ಕುಣಿಯತೊಡಗಿತು. ತಂದಿದ್ದ ಹೂವಿನಲ್ಲಿ ಮುಖ ಹುದುಗಿಸಿದ. ನಗು ಮೂಗಿನಿಂದ ಸಿಡಿಯಿತು. ಪಕ್ಕದವಳಿಗೆ ಅಂಟಿತು, ಅವಳ ಹಿಂದಿನವನಿಗೆ ಅಂಟಿತು. ಅಮ್ಮ ಓಡಿಬಂದು ಎರಡೂ ಅಂಗೈಗಳಿಂದ ಗಂಡನ ಗದ್ದ ಮುಚ್ಚಿದಳು. ಬೆರಳ ಸಂದಿಯಿಂದ ಅದು ಇಣುಕಿತು.

ಬಾಗಿಲಾಚೆ, ಇನ್ನೂ ಏನೂ ಕಾಣದವರು, ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿದರು.